ಸರ್ಕಸ್ಸಿನ ರಂಗಭಾಷೆ: ಮಾತಿಲ್ಲದ ಕಲೆಯಲ್ಲಿ ಮಾತಿನ ಸ್ಥಾನ

ಸರ್ಕಸ್ಸು ಭಾಷೆಯ ಹಂಗಿಲ್ಲದ ಕಲೆ ಎಂಬುದು ರೂಢಿಯ ನಂಬಿಕೆ. ಡೇರೆಯೊಳಗೆ ಕುಳಿತ ಮಲಯಾಳಿ, ಕನ್ನಡಿಗ, ತುಳುವ, ಮರಾಠಿಗ ಎಲ್ಲರೂ ಒಂದೇ ಗಳಿಗೆಯಲ್ಲಿ ಉಸಿರು ಬಿಗಿಹಿಡಿಯುತ್ತಾರೆ, ಒಂದೇ ಗಳಿಗೆಯಲ್ಲಿ ಚಪ್ಪಾಳೆ ತಟ್ಟುತ್ತಾರೆ. ಈ ನಂಬಿಕೆಯಲ್ಲಿ ಸತ್ಯವಿದೆ, ಆದರೆ ಅದು ಅರ್ಧಸತ್ಯ. ಸರ್ಕಸ್ಸಿನ ಮೌನವು ಸಹಜವಾಗಿ ಬಂದದ್ದಲ್ಲ. ಅದಕ್ಕೊಂದು ಕಾನೂನಿನ ಚರಿತ್ರೆಯಿದೆ. ಮೇಲಾಗಿ ಡೇರೆಯೊಳಗೆ ಮಾತು ಇಲ್ಲದೆಯೂ ಇಲ್ಲ. ಯಾವ ಮಾತು ಅಲ್ಲಿ ಉಳಿಯಿತು, ಯಾವುದು ಹೊರಗುಳಿಯಿತು ಎಂಬ ಪ್ರಶ್ನೆ ಭಾಷಾ ಅಲ್ಪಸಂಖ್ಯಾತರ ಅಧ್ಯಯನಕ್ಕೆ ನೇರವಾಗಿ ಸಂಬಂಧಿಸಿದ್ದು.

ವರ್ತುಲವೂ ಮಾತಿನ ನಿಷೇಧವೂ

ಆಧುನಿಕ ಸರ್ಕಸ್ಸಿನ ಆರಂಭವನ್ನು ಫಿಲಿಪ್ ಆಸ್ಟ್ಲಿ ಎಂಬ ಮಾಜಿ ಅಶ್ವಸೈನಿಕನು 1768ರಲ್ಲಿ ಲಂಡನ್ನಿನಲ್ಲಿ ನಡೆಸಿದ ಕುದುರೆ ಸವಾರಿಯ ಪ್ರದರ್ಶನಗಳಿಂದ ಗುರುತಿಸಲಾಗುತ್ತದೆ. ಕುದುರೆ ಒಂದೇ ವೇಗದಲ್ಲಿ ವರ್ತುಲಾಕಾರವಾಗಿ ಓಡುವಾಗ ಸವಾರನು ಒಳಕ್ಕೆ ಬಾಗಿದರೆ ಅದರ ಬೆನ್ನ ಮೇಲೆ ನಿಂತೇ ಸಮತೋಲ ಕಾಯ್ದುಕೊಳ್ಳಬಲ್ಲ. ಈ ಅನುಭವದಿಂದ ರೂಪುಗೊಂಡ 42 ಅಡಿ, ಎಂದರೆ ಸುಮಾರು 13 ಮೀಟರ್ ವ್ಯಾಸದ ರಿಂಗ್ ಇಂದಿಗೂ ಸರ್ಕಸ್ಸಿನ ಅಳತೆಯಾಗಿ ಉಳಿದಿದೆ.

ಆಸ್ಟ್ಲಿಯ ರಂಗದಲ್ಲಿ ಕಸರತ್ತಿನ ಜೊತೆಗೆ ಕಥೆಯೂ ಇತ್ತು. ಆದರೆ ಇಂಗ್ಲೆಂಡಿನ 1737ರ ಪರವಾನಗಿ ಕಾಯಿದೆಯ ಫಲವಾಗಿ ಲಂಡನ್ನಿನಲ್ಲಿ ಸಂಭಾಷಣೆಯುಳ್ಳ ಗಂಭೀರ ನಾಟಕವನ್ನು ಆಡುವ ಅಧಿಕಾರ ಮುಖ್ಯವಾಗಿ ಡ್ರೂರಿ ಲೇನ್ ಮತ್ತು ಕೋವೆಂಟ್ ಗಾರ್ಡನ್ ರಂಗಮಂದಿರಗಳಿಗೆ ಮೀಸಲಾಗಿತ್ತು. ಉಳಿದವರಿಗೆ ದಕ್ಕಿದ್ದು ಹಾಡು, ಮೂಕಾಭಿನಯ, ಕುಣಿತ ಮತ್ತು ಅಂಗಸಾಧನೆ. ಕಥೆಯ ತಿರುವನ್ನು ತಿಳಿಸಲೇಬೇಕಾದಾಗ ಅಕ್ಷರ ಬರೆದ ಪಟಗಳನ್ನು ಎತ್ತಿ ಹಿಡಿಯುವ ಉಪಾಯವೂ ಬಳಕೆಯಲ್ಲಿತ್ತು. ಈ ಏಕಸ್ವಾಮ್ಯವು ಮುರಿದದ್ದು 1843ರ ರಂಗಭೂಮಿ ಕಾಯಿದೆಯಿಂದ.

ಪ್ಯಾರಿಸ್ಸಿನ ಜಾತ್ರೆಯ ರಂಗಗಳಲ್ಲಿ ಇದಕ್ಕೂ ಮೊದಲೇ, 18ನೆಯ ಶತಮಾನದ ಆರಂಭದಲ್ಲಿ, ಇಂಥದೇ ಸ್ಥಿತಿಯಿತ್ತು. ಸಂಭಾಷಣೆಯ ಹಕ್ಕು ರಾಜಾಶ್ರಯದ ನಾಟಕ ಸಂಸ್ಥೆಯದ್ದು. ಜಾತ್ರೆಯ ನಟರು ಜನರಿಗೆ ಗೊತ್ತಿದ್ದ ಧಾಟಿಯ ಹಾಡುಗಳನ್ನು ಫಲಕಗಳ ಮೇಲೆ ಬರೆದು ತೋರಿಸುತ್ತಿದ್ದರು. ಪ್ರೇಕ್ಷಕರೇ ಅವನ್ನು ಹಾಡಿ ಕಥೆಯನ್ನು ಮುಂದುವರಿಸುತ್ತಿದ್ದರು. ನಿಷೇಧವಿದ್ದದ್ದು ನಟರ ಬಾಯಿಗೆ, ನೋಡುಗರ ಬಾಯಿಗಲ್ಲ.

ಹೀಗೆ ‘ಸರ್ಕಸ್ಸಿಗೆ ಭಾಷೆ ಬೇಡ’ ಎಂಬ ಮಾತಿನ ಹಿಂದೆ ‘ಇಲ್ಲಿ ಮಾತನಾಡುವಂತಿಲ್ಲ’ ಎಂಬ ಆಜ್ಞೆಯಿದೆ. ಯಾವ ವೇದಿಕೆಯಲ್ಲಿ ಯಾರು ಮಾತನಾಡಬಹುದು ಎಂಬುದನ್ನು ಅಧಿಕಾರವು ನಿರ್ಧರಿಸಿದಾಗ ಮಾತು ಕಳೆದುಕೊಂಡವರು ದೇಹವನ್ನೇ ನುಡಿಯಾಗಿಸಿಕೊಂಡರು. ಇಂದು ವಿಶ್ವಭಾಷೆ ಎಂದು ಕೊಂಡಾಡುವ ಆಂಗಿಕ ಅಭಿವ್ಯಕ್ತಿಗೆ ಈ ನಿರ್ಬಂಧವೂ ಒಂದು ಮೂಲ.

ಕುರುಂದವಾಡದಿಂದ ತಲಶ್ಶೇರಿಗೆ

ಭಾರತೀಯ ಸರ್ಕಸ್ಸಿನ ಚರಿತ್ರೆ ಎರಡು ಗಡಿ ಸೀಮೆಗಳ ಆಸುಪಾಸಿನಲ್ಲಿ ಬೆಳೆಯಿತು. ಇಟಲಿಯ ಜುಸೆಪ್ಪೆ ಕಿಯಾರಿನಿಯ ತಂಡದ ಪ್ರದರ್ಶನವನ್ನು ಮುಂಬಯಿಯಲ್ಲಿ ಕಂಡ ವಿಷ್ಣುಪಂತ ಛತ್ರೆ ತಮ್ಮದೇ ‘ಗ್ರೇಟ್ ಇಂಡಿಯನ್ ಸರ್ಕಸ್’ ಕಟ್ಟಿ, 1880ರ ಮಾರ್ಚ್ 20ರಂದು ಅದೇ ನಗರದಲ್ಲಿ ಮೊದಲ ಪ್ರದರ್ಶನ ನೀಡಿದರು. ಅಶ್ವಶಿಕ್ಷಕರಾಗಿದ್ದ ಛತ್ರೆಯವರು ಕುರುಂದವಾಡ ಸಂಸ್ಥಾನದ ಆಶ್ರಯದಲ್ಲಿದ್ದವರು. ಕುರುಂದವಾಡ, ಸಾಂಗಲಿ, ಮೀರಜ ಮತ್ತು ಕನ್ನಡ ನೆಲದ ಜಮಖಂಡಿ ಇವೆಲ್ಲ ಪಟವರ್ಧನ ಮನೆತನದ ಸಂಸ್ಥಾನಗಳು; ಕನ್ನಡ–ಮರಾಠಿಗಳು ಬೆರೆತ ಸೀಮೆ ಇದು. ಇದೇ ಸಾಂಗಲಿಯಲ್ಲಿ ವಿಷ್ಣುದಾಸ ಭಾವೆಯವರು 1843ರಲ್ಲಿ ಆಡಿಸಿದ ‘ಸೀತಾಸ್ವಯಂವರ’ಕ್ಕೆ ಕರ್ನಾಟಕದಿಂದ ಬಂದ ಭಾಗವತ ಮೇಳದ ಆಟ ಪ್ರೇರಣೆಯಾಗಿತ್ತು. ಅಲ್ಲಿ ಪ್ರದರ್ಶನ ಕಲೆಗಳು ಭಾಷೆಯ ಗೆರೆಯನ್ನು ದಾಟುತ್ತಿದ್ದುದು ಹೊಸ ಸಂಗತಿಯಾಗಿರಲಿಲ್ಲ.

ಎರಡನೆಯ ನೆಲೆ ಕಾಸರಗೋಡಿನ ದಕ್ಷಿಣಕ್ಕಿರುವ ತಲಶ್ಶೇರಿ. ಅಂಗಸಾಧನೆಯ ಗುರು ಕೀಲೇರಿ ಕುಂಞಿಕಣ್ಣನ್ ಛತ್ರೆಯವರ ತಂಡದ ಸಂಪರ್ಕಕ್ಕೆ ಬಂದು, 1901ರಲ್ಲಿ ತಲಶ್ಶೇರಿಯ ಚಿರಕ್ಕರೆಯಲ್ಲಿ ಸರ್ಕಸ್ ಶಾಲೆಯನ್ನು ತೆರೆದರು. ಕಳರಿಪಯಟ್ಟಿನ ಮೈಪಳಗಿಸುವ ಕ್ರಮ ಮತ್ತು ಪಾಶ್ಚಾತ್ಯ ಜಿಮ್ನಾಸ್ಟಿಕ್ಸ್ ಅಲ್ಲಿ ಕೂಡಿದವು. 1904ರಲ್ಲಿ ಪರಿಯಾಳಿ ಕಣ್ಣನ್ ಅವರ ‘ಮಲಬಾರ್ ಗ್ರ್ಯಾಂಡ್ ಸರ್ಕಸ್’ ಹುಟ್ಟಿತು. 1951ರಲ್ಲಿ ‘ಜೆಮಿನಿ ಸರ್ಕಸ್’ ಆರಂಭಿಸಿದ ಎಂ. ವಿ. ಶಂಕರನ್ ಈ ಪರಂಪರೆಯವರೇ. ಅಶ್ವವಿದ್ಯೆಯಿಂದ ಹುಟ್ಟಿದ ಭಾರತೀಯ ಸರ್ಕಸ್ಸು ತಲಶ್ಶೇರಿಯಲ್ಲಿ ಮಾನವ ದೇಹದ ವಿದ್ಯೆಯಾಯಿತು.

ಡೇರೆಯೊಳಗಿನ ಮೂರು ನುಡಿಗಳು

ಪ್ರದರ್ಶನವನ್ನು ಕಿವಿಯಿಟ್ಟು ಗಮನಿಸಿದರೆ ಮೂರು ಬಗೆಯ ನುಡಿಗಳು ಕೇಳಿಬರುತ್ತವೆ.

ಮೊದಲನೆಯದು ಪ್ರೇಕ್ಷಕರಿಗಾಗಿ ಆಡುವ ಘೋಷಣೆ. ಇದು ಸಾಮಾನ್ಯವಾಗಿ ಹಿಂದಿ ಇಲ್ಲವೆ ಇಂಗ್ಲಿಷಿನಲ್ಲಿರುತ್ತದೆ. ಸ್ಥಳೀಯತೆಯ ಅಗತ್ಯ ಕಂಡಾಗ ಆಯಾ ರಾಜ್ಯದ ಭಾಷೆ ಸೇರುತ್ತದೆ. ಗಡಿಯಾಚೆಯ ಕನ್ನಡದಂಥ ನುಡಿಗೆ ಈ ಏಣಿಯಲ್ಲಿ ಮೆಟ್ಟಿಲು ಸಿಗುವುದು ವಿರಳ.

ಎರಡನೆಯದು ಕಲಾವಿದರ ನಡುವಿನ ಸಂಕೇತ; ಪ್ರಾಣ ನಿಂತಿರುವುದು ಇದರ ಮೇಲೆ. ಟ್ರಪೀಜ್‌ನಲ್ಲಿ ಹಾರುವವರು ಎಷ್ಟೇ ಚತುರರಾದರೂ ಕಾಲದ ಲೆಕ್ಕ ಹಿಡಿಯುವವರ ಕೈಯಲ್ಲಿದೆ. ತೂಗುವ ವಸ್ತುವಿನ ಆವರ್ತನ ಕಾಲವು ಅದರ ತೂಕಕ್ಕಿಂತ ಹಗ್ಗದ ಉದ್ದವನ್ನು ಅವಲಂಬಿಸುತ್ತದೆ. ಆದುದರಿಂದಲೇ ಎರಡು ತೂಗುಗಳು ಎಲ್ಲಿ, ಯಾವಾಗ ಸಂಧಿಸುತ್ತವೆ ಎಂಬುದನ್ನು ಮೊದಲೇ ಎಣಿಸಬಹುದು. ಆ ಎಣಿಕೆಯನ್ನು ಒಂದೇ ಉಚ್ಚಾರದಲ್ಲಿ ದಾಟಿಸಬೇಕು. ಪಾಶ್ಚಾತ್ಯ ತಂಡಗಳಲ್ಲಿ ‘ಹೆಪ್’ ಎಂಬ ಕೂಗು ಹೊರಡುವ ಕ್ಷಣವನ್ನು ಸೂಚಿಸುತ್ತದೆ. ಅದಕ್ಕೆ ಮುನ್ನ ಬರುವ ‘ಲಿಸ್ತೋ’ ಸ್ಪ್ಯಾನಿಷ್ ಪದ, ಅರ್ಥ ‘ಸಿದ್ಧ’. ಹೀಗೆ ವೃತ್ತಿಯ ಪದಗಳು ತಾಯ್ನುಡಿಯನ್ನು ಮೀರಿ ತಂಡದಿಂದ ತಂಡಕ್ಕೆ ಸಾಗುತ್ತವೆ. ಕೇರಳ, ಬಂಗಾಳ, ನೇಪಾಳಗಳಿಂದ ಬಂದವರು ಒಂದೇ ಬಲೆಯ ಮೇಲೆ ಹಾರುವ ಭಾರತೀಯ ಡೇರೆಯಲ್ಲಿಯೂ ಇಂಥ ಸಂಪರ್ಕನುಡಿ ಅನಿವಾರ್ಯ.

ಮೂರನೆಯದು ಜೋಕರ್‌ನ ನುಡಿ. ಅವನು ಸೀಟಿ, ಗೊಣಗು, ಅರ್ಧ ಉಚ್ಚರಿಸಿದ ಪದಗಳಲ್ಲಿ ನಗಿಸುತ್ತಾನೆ. ಘೋಷಣೆಯ ಅಧಿಕೃತ ಭಾಷೆಯನ್ನು ತಿರುಚಿ ಅಣಕಿಸುವ ಸ್ವಾತಂತ್ರ್ಯ ಅವನೊಬ್ಬನಿಗೆ ಇದೆ. ಸ್ಥಳೀಯ ನುಡಿಯ ಒಂದು ಬೈಗುಳವೋ ಸಂಬೋಧನೆಯೋ ಡೇರೆಯೊಳಕ್ಕೆ ನುಸುಳಲು ಇರುವ ಬಾಗಿಲು ಅವನೇ.

ಯಾರದ್ದೂ ಅಲ್ಲದ ನುಡಿ

1998ರ ಕೇಂದ್ರ ಅಧಿಸೂಚನೆಯು ಕರಡಿ, ಕೋತಿ, ಹುಲಿ, ಚಿರತೆ ಮತ್ತು ಸಿಂಹಗಳ ಪ್ರದರ್ಶನವನ್ನು ನಿಷೇಧಿಸಿತು. 2001ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. 2011ರಲ್ಲಿ ಅದೇ ನ್ಯಾಯಾಲಯ ಸರ್ಕಸ್ಸುಗಳಲ್ಲಿ ಮಕ್ಕಳ ದುಡಿಮೆಯನ್ನು ತಡೆಯುವಂತೆ ಆದೇಶಿಸಿತು. ಎರಡೂ ನ್ಯಾಯಸಮ್ಮತ ಕ್ರಮಗಳು. ಆದರೆ ಎಳವೆಯಿಂದಲೇ ಮೈಪಳಗಿಸುತ್ತಿದ್ದ ಹಳೆಯ ಕಲಿಕೆಯ ಸರಪಣಿಗೆ ಬದಲಿ ವ್ಯವಸ್ಥೆ ಅಷ್ಟೇ ಬೇಗ ಬೆಳೆಯಲಿಲ್ಲ. ಉಳಿದ ದಾರಿಯೆಂದರೆ ಮನುಷ್ಯ ದೇಹವನ್ನೇ ನೆಚ್ಚಿದ ರಂಗಸರ್ಕಸ್ಸು.

1984ರಲ್ಲಿ ಕೆನಡಾದ ಕ್ವಿಬೆಕ್‌ನಲ್ಲಿ ಸ್ಥಾಪಿತವಾದ ‘ಸಿರ್ಕ್ ದು ಸೊಲೇ’ ಈ ಬಗೆಯ ಪ್ರಸಿದ್ಧ ಮಾದರಿ. ಬೆಳಕು, ಉಡುಪು, ಸಂಗೀತ, ಕಥೆಯ ತೆಳುವಾದ ಎಳೆ ಇವುಗಳಿಂದ ಕಸರತ್ತುಗಳನ್ನು ಪೋಣಿಸುವ ಈ ಸಂಸ್ಥೆಯ ಅನೇಕ ಹಾಡುಗಳು ಯಾವ ಭಾಷೆಯೂ ಅಲ್ಲದ ಕಲ್ಪಿತ ನುಡಿಯಲ್ಲಿವೆ. ಫ್ರೆಂಚ್ ಬಹುಸಂಖ್ಯಾತವಾಗಿದ್ದೂ ಇಂಗ್ಲಿಷಿನ ಖಂಡದಲ್ಲಿ ಅಲ್ಪಸಂಖ್ಯಾತವಾದ ಪ್ರಾಂತದಿಂದ ಈ ಪರಿಹಾರ ಬಂದದ್ದು ಗಮನಾರ್ಹ. ಎಲ್ಲರಿಗೂ ಸಮಾನವಾಗಿ ಅಪರಿಚಿತವಾದ ನುಡಿಯ ಮುಂದೆ ಯಾರೂ ಕೀಳಾಗುವುದಿಲ್ಲ. ಆದರೆ ಆ ಸಮಾನತೆಗೆ ಬೆಲೆಯುಂಟು: ಯಾವ ಊರಿನ ಪದಕ್ಕೂ ಅಲ್ಲಿ ಜಾಗವಿಲ್ಲ.

ಈ ಸಂಸ್ಥೆಯ ‘ಬಜಾರ್’ ಪ್ರದರ್ಶನ 2018ರಲ್ಲಿ ಮುಂಬಯಿಯಲ್ಲಿ ಮೊದಲ ಬಾರಿಗೆ ನಡೆದಾಗ ಮಲ್ಲಕಂಬವೂ ಅದರಲ್ಲಿ ಸೇರಿತ್ತು. ಗರಡಿಮನೆ ಮತ್ತು ಕ್ರೀಡಾಸಂಘಗಳ ಬೆಂಬಲದಿಂದ ಮಲ್ಲಕಂಬ ತನ್ನ ಹೆಸರನ್ನು ಉಳಿಸಿಕೊಂಡು ವಿಶ್ವರಂಗಕ್ಕೆ ಹೋಯಿತು. ಊರೂರು ಅಲೆದು ಗಣೆ ಏರಿ, ಹಗ್ಗದ ಮೇಲೆ ನಡೆದು, ಲಾಗ ಹಾಕುತ್ತಿದ್ದ ದೊಂಬರ ಕಲೆಗೆ ಆ ಯೋಗವಿರಲಿಲ್ಲ. ಕನ್ನಡದಲ್ಲಿ ಅದು ಉಳಿದಿರುವುದು ಹೆಚ್ಚಾಗಿ ನುಡಿಗಟ್ಟುಗಳಲ್ಲಿ. ‘ತಿಪ್ಪರಲಾಗ ಹಾಕಿದರೂ ಆಗದು’ ಎನ್ನುವಾಗ ಒಂದು ವಿದ್ಯೆಯ ಪದ ವ್ಯರ್ಥ ಪ್ರಯತ್ನದ ಹೆಸರಾಗುತ್ತದೆ. ‘ದೊಂಬರಾಟ’ವಂತೂ ಹೀನಾರ್ಥ ಪಡೆದಿದೆ. ಅದೇ ವೇಳೆ ‘ಸರ್ಕಸ್ ಮಾಡು’ ಎಂಬ ಹೊಸ ನುಡಿಗಟ್ಟು ಕಷ್ಟಪಟ್ಟು ನಿಭಾಯಿಸುವುದು ಎಂಬ ಗೌರವದ ಅರ್ಥದಲ್ಲಿ ನೆಲೆಯೂರಿದೆ. ಮಾಡುವ ಕೆಲಸ ಬಹುಮಟ್ಟಿಗೆ ಒಂದೇ; ಮಾಡುವವರ ಸ್ಥಾನ ಬೇರೆಯಾದುದರಿಂದ ಪದದ ಮರ್ಯಾದೆಯೂ ಬೇರೆಯಾಯಿತು.

ಸರ್ಕಸ್ಸಿನ ಪದಸಂಪತ್ತು ಗ್ರಂಥಗಳಲ್ಲಿಲ್ಲ, ಬಾಯಿ ಮತ್ತು ಮೈಗಳಲ್ಲಿದೆ. ಡೇರೆ ಕಿತ್ತ ದಿನ ಅದೂ ಮೂಟೆ ಕಟ್ಟುತ್ತದೆ. ಕಾಸರಗೋಡು–ತಲಶ್ಶೇರಿ ಹಾಗೂ ಸಾಂಗಲಿ–ಜತ್ತ ಸೀಮೆಗಳಲ್ಲಿ ನಿವೃತ್ತ ಕಲಾವಿದರ, ಅಲೆಮಾರಿ ಕುಟುಂಬಗಳ ಹಿರಿಯರ ನುಡಿಯನ್ನು ದಾಖಲಿಸುವುದು ಜಾನಪದ ಸಂಗ್ರಹವಷ್ಟೇ ಅಲ್ಲ, ಬಹುಭಾಷಿಕ ದುಡಿಮೆಯ ಜಾಗದಲ್ಲಿ ಸಂಪರ್ಕನುಡಿ ಹೇಗೆ ರೂಪುಗೊಳ್ಳುತ್ತದೆ ಎಂಬ ಅಧ್ಯಯನವೂ ಹೌದು. ಹಾರುವ ಕೈಯನ್ನು ಹಿಡಿಯುವ ಕೈಗೆ ಕರೆದದ್ದು ಯಾವ ನುಡಿ ಎಂಬುದು ಆ ಅಧ್ಯಯನದ ಮೊದಲ ಪ್ರಶ್ನೆಯಾಗಬಹುದು.