ಏಐ ಏಜೆಂಟ್‌ಗೆ ಎಲ್ಲವೂ ತಾನಾಗಿಯೇ ಗೊತ್ತಿರುತ್ತದೆಯೇ? ವಾಸ್ತವ ಏನು?

‘ಬಾಯಲ್ಲಿ ಹೇಳಿದರೆ ಸಾಕು, ಏಐ ಟಿಕೆಟ್ ಬುಕ್ ಮಾಡುತ್ತದೆ, ಬಿಲ್ ಕಟ್ಟುತ್ತದೆ, ನೀವು ಏನೂ ನೋಡಬೇಕಿಲ್ಲ’ ಎಂಬ ಧಾಟಿಯ ಸಂದೇಶಗಳು ನಿಮ್ಮ ವಾಟ್ಸ್‌ಆ್ಯಪ್ ಗ್ರೂಪ್‌ಗೂ ಬಂದಿರಬಹುದು. ಇದರಲ್ಲಿ ಅರ್ಧ ನಿಜ. ಏಐ ಈಗ ಉತ್ತರ ಕೊಡುವುದಷ್ಟೇ ಅಲ್ಲ, ಕೆಲಸವನ್ನೂ ಮಾಡಬಲ್ಲದು. ಹೀಗೆ ಕೆಲಸ ಮಾಡುವ ಏಐಗೆ ‘ಏಜೆಂಟ್’ ಎನ್ನುತ್ತಾರೆ. ಆದರೆ ‘ನೀವು ಏನೂ ನೋಡಬೇಕಿಲ್ಲ’ ಎನ್ನುವ ಇನ್ನರ್ಧ ತಪ್ಪು. ಯಾಕೆ ಎಂದು ನೋಡೋಣ.

ಏಜೆಂಟ್ ಕೆಲಸ ಮಾಡುವುದು ಹೇಗೆ?

ಏಐ ಮಾಡೆಲ್ ತಾನೇ ಹೋಗಿ ಟಿಕೆಟ್ ಹುಡುಕುವುದಿಲ್ಲ, ಇಮೇಲ್ ಕಳಿಸುವುದಿಲ್ಲ. ಅದನ್ನೆಲ್ಲ ಮಾಡುವುದು ಬೇರೆ ಬೇರೆ ಸಣ್ಣ ಪ್ರೋಗ್ರಾಂಗಳು. ಇವುಗಳನ್ನು ‘ಟೂಲ್’ ಎನ್ನುತ್ತಾರೆ. ಪ್ರತಿ ಟೂಲ್‌ಗೂ ಒಂದು ಹೆಸರು, ಅದು ಏನು ಮಾಡುತ್ತದೆ ಎಂಬ ವಿವರಣೆ, ಅದಕ್ಕೆ ಯಾವ ಮಾಹಿತಿ ಕೊಡಬೇಕು ಎಂಬ ಪಟ್ಟಿ ಇರುತ್ತದೆ. ಮಾಡೆಲ್ ಇದನ್ನು ಓದಿ, ಯಾವ ಟೂಲ್ ಬೇಕು, ಅದಕ್ಕೆ ಏನು ಕೊಡಬೇಕು ಎಂದು ಬರೆಯುತ್ತದೆ. ಆಗ ಟೂಲ್ ಕೆಲಸ ಮಾಡಿ, ಫಲಿತಾಂಶವನ್ನು ಮಾಡೆಲ್‌ಗೆ ವಾಪಸ್ ಕೊಡುತ್ತದೆ.

ಓಪನ್‌ಏಐ 2023ರ ಜೂನ್‌ನಲ್ಲಿ ‘ಫಂಕ್ಷನ್ ಕಾಲಿಂಗ್’ ಹೆಸರಿನಲ್ಲಿ ಈ ಸೌಲಭ್ಯವನ್ನು ಡೆವಲಪರ್‌ಗಳಿಗೆ ಕೊಟ್ಟಿತು. 2024ರ ನವೆಂಬರ್‌ನಲ್ಲಿ ಆಂಥ್ರೋಪಿಕ್ ಕಂಪನಿ, ಏಐ ಆ್ಯಪ್‌ಗಳಿಗೆ ಟೂಲ್‌ಗಳನ್ನು ಜೋಡಿಸಲು ‘ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್’ ಎಂಬ ಮುಕ್ತ ವ್ಯವಸ್ಥೆ ಪ್ರಕಟಿಸಿತು. ಎರಡರಲ್ಲೂ ಗಮನಿಸಬೇಕಾದ ವಿಷಯ ಒಂದೇ. ಟೂಲ್‌ನ ಒಳಗಿನ ಕೋಡ್ ಸಾಮಾನ್ಯವಾಗಿ ಮಾಡೆಲ್‌ಗೆ ಕಾಣುವುದಿಲ್ಲ, ವಿವರಣೆ ಮಾತ್ರ ಕಾಣುತ್ತದೆ.

ಅಡುಗೆಮನೆಯ ಡಬ್ಬಗಳನ್ನು ತೆರೆಯದೆ, ಮೇಲಿನ ಚೀಟಿ ಓದಿಯೇ ಅಡುಗೆ ಮಾಡಿದ ಹಾಗೆ ಇದು. ಚೀಟಿಯಲ್ಲಿ ಬರೀ ‘ಪುಡಿ’ ಎಂದಿದ್ದರೆ ಅದು ಸಾರಿನ ಪುಡಿಯೋ, ಕಾಫಿ ಪುಡಿಯೋ ಗೊತ್ತಾಗುವುದು ಹೇಗೆ?

ವಿವರಣೆ ಸರಿಯಿಲ್ಲದಿದ್ದರೆ ಏನಾಗುತ್ತದೆ?

ಒಂದು ಟೂಲ್ ಕಲ್ಪಿಸಿಕೊಳ್ಳಿ. ವಿವರಣೆ: ‘ರೈಲು ಮಾಹಿತಿ ಕೊಡುತ್ತದೆ.’ ಕೊಡಬೇಕಾದ ಮಾಹಿತಿ: ಊರು, ದಿನಾಂಕ.

ನೀವು ‘ಬೆಂಗಳೂರಿನಿಂದ ಮಂಗಳೂರಿಗೆ’ ಎಂದಿರಿ. ಬೆಂಗಳೂರಿನಲ್ಲಿ ಕೆಎಸ್‌ಆರ್ ನಿಲ್ದಾಣ (ಕೋಡ್ ಎಸ್‌ಬಿಸಿ), ಯಶವಂತಪುರ (ವೈಪಿಆರ್), ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್ (ಎಸ್‌ಎಂವಿಬಿ) ಇವೆ. ಮಂಗಳೂರಿನಲ್ಲಿ ಸೆಂಟ್ರಲ್ ಬೇರೆ, ಜಂಕ್ಷನ್ ಬೇರೆ. ಯಾವುದು ಎಂದು ವಿವರಣೆ ಹೇಳದಿದ್ದರೆ ಏಜೆಂಟ್ ಊಹೆ ಮಾಡುತ್ತದೆ. ದಿನಾಂಕ 03/04 ಎಂದರೆ ನಮಗೆ ಏಪ್ರಿಲ್ 3, ಅಮೆರಿಕದವರಿಗೆ ಮಾರ್ಚ್ 4. ಅಲ್ಲೂ ಊಹೆಯೇ. ತಪ್ಪು ದಿನದ, ತಪ್ಪು ನಿಲ್ದಾಣದ ಟಿಕೆಟ್ ಬಂದರೆ ಹೋಗುವುದು ನಿಮ್ಮ ದುಡ್ಡು.

ಇದೇ ಟೂಲ್‌ಗೆ ಹೀಗೆ ಬರೆದರೆ?

‘ಎರಡು ನಿಲ್ದಾಣಗಳ ನಡುವೆ ಒಂದು ದಿನ ಓಡುವ ರೈಲುಗಳ ಪಟ್ಟಿ ಕೊಡುತ್ತದೆ. ಟಿಕೆಟ್ ಬುಕ್ ಮಾಡುವುದಿಲ್ಲ, ಹಣ ಕಡಿತವಾಗುವುದಿಲ್ಲ. ಊರಿನ ಹೆಸರಲ್ಲ, ನಿಲ್ದಾಣದ ಕೋಡ್ ಕೊಡಬೇಕು. ಊರಿನಲ್ಲಿ ಒಂದಕ್ಕಿಂತ ಹೆಚ್ಚು ನಿಲ್ದಾಣವಿದ್ದರೆ ಬಳಕೆದಾರರನ್ನೇ ಕೇಳಬೇಕು. ದಿನಾಂಕ ವರ್ಷ-ತಿಂಗಳು-ದಿನದ ಕ್ರಮದಲ್ಲಿರಲಿ, ಉದಾಹರಣೆಗೆ 2026-04-03. ರೈಲು ಇಲ್ಲದಿದ್ದರೆ ಖಾಲಿ ಪಟ್ಟಿ ಬರುತ್ತದೆ.’

ಏನು ಮಾಡುತ್ತದೆ, ಏನು ಮಾಡುವುದಿಲ್ಲ, ಮಾಹಿತಿ ಯಾವ ರೂಪದಲ್ಲಿರಬೇಕು, ಅನುಮಾನ ಬಂದರೆ ಏನು ಮಾಡಬೇಕು, ಏನು ವಾಪಸ್ ಬರುತ್ತದೆ. ಒಳ್ಳೆಯ ವಿವರಣೆಯಲ್ಲಿ ಈ ಐದೂ ಇರುತ್ತವೆ.

ಇದು ಏಐ ಕಾಲದ ಹೊಸ ಸಮಸ್ಯೆಯೇನಲ್ಲ. 1999ರಲ್ಲಿ ನಾಸಾದ ‘ಮಾರ್ಸ್ ಕ್ಲೈಮೇಟ್ ಆರ್ಬಿಟರ್’ ನೌಕೆ ಮಂಗಳ ಗ್ರಹದ ಬಳಿ ನಾಶವಾಯಿತು. ಒಂದು ಸಾಫ್ಟ್‌ವೇರ್ ಪೌಂಡ್ ಲೆಕ್ಕದಲ್ಲಿ ಕೊಟ್ಟ ಅಂಕಿಯನ್ನು ಇನ್ನೊಂದು ನ್ಯೂಟನ್ ಲೆಕ್ಕದ್ದೆಂದು ತಿಳಿದದ್ದೇ ಇದಕ್ಕೆ ಕಾರಣ.

ಹಾಗಾದರೆ ವಿವರಣೆ ಉದ್ದವಾದಷ್ಟೂ ಒಳ್ಳೆಯದೇ?

ಇಲ್ಲ. ಮಾಡೆಲ್ ಒಮ್ಮೆಗೆ ಓದಬಲ್ಲ ಪಠ್ಯಕ್ಕೆ ಮಿತಿ ಇದೆ. ಟೂಲ್‌ಗಳ ವಿವರಣೆಯೂ ಆ ಜಾಗವನ್ನೇ ತಿನ್ನುತ್ತದೆ. ಒಂದೇ ರೀತಿ ಕಾಣುವ ಹತ್ತಾರು ಟೂಲ್‌ಗಳಿದ್ದರೆ ಗೊಂದಲವೂ ಹೆಚ್ಚು. ಟೂಲ್‌ಗಳು ಕಡಿಮೆ ಇದ್ದು, ಒಂದಕ್ಕೂ ಇನ್ನೊಂದಕ್ಕೂ ಇರುವ ವ್ಯತ್ಯಾಸ ಸ್ಪಷ್ಟವಾಗಿರಬೇಕು.

ವಿವರಣೆಯಲ್ಲೇ ಮೋಸ ಇರಬಹುದೇ?

ಇರಬಹುದು. 2025ರ ಏಪ್ರಿಲ್‌ನಲ್ಲಿ ಇನ್ವೇರಿಯಂಟ್ ಲ್ಯಾಬ್ಸ್ ಎಂಬ ಭದ್ರತಾ ಸಂಸ್ಥೆ ಇದನ್ನು ತೋರಿಸಿಕೊಟ್ಟಿತು. ಎರಡು ಸಂಖ್ಯೆ ಕೂಡುವ ಸಾದಾ ಟೂಲ್ ಅದು. ಆದರೆ ಬಳಕೆದಾರರ ಕಂಪ್ಯೂಟರ್‌ನಲ್ಲಿರುವ ಗುಪ್ತ ಕೀ ಫೈಲ್ ಓದಿ ಕೊಡಬೇಕು ಎಂಬ ಆದೇಶ ಅದರ ವಿವರಣೆಯಲ್ಲಿ ಅಡಗಿತ್ತು. ಬಳಕೆದಾರರಿಗೆ ಅದು ಕಾಣುವುದಿಲ್ಲ, ಏಐ ಮಾತ್ರ ಓದುತ್ತದೆ. ಇದಕ್ಕೆ ‘ಟೂಲ್ ಪಾಯ್ಸನಿಂಗ್’ ಎನ್ನುತ್ತಾರೆ.

ಇನ್ನೊಂದು ಮಾತು. ವಿವರಣೆ ಎಷ್ಟೇ ಚೆನ್ನಾಗಿದ್ದರೂ ಮಾಡೆಲ್ ತಪ್ಪಬಹುದು. ಹಾಗಾಗಿ ಹಣ ಕಳಿಸುವ, ಫೈಲ್ ಅಳಿಸುವ ಕೆಲಸಗಳಿಗೆ ಮೊದಲು ಮನುಷ್ಯರ ಒಪ್ಪಿಗೆ ಕೇಳುವಂತೆ ಪ್ರೋಗ್ರಾಂನಲ್ಲೇ ತಡೆ ಇಡಬೇಕು. ‘ಎಚ್ಚರಿಕೆಯಿಂದ ಬಳಸಿ’ ಎಂದು ವಿವರಣೆಯಲ್ಲಿ ಬರೆದರೆ ಸಾಲದು.

ನೀವು ಏನು ಮಾಡಬಹುದು?

• ಏಜೆಂಟ್‌ಗೆ ಹೇಳುವಾಗ ‘ಮುಂದಿನ ಶುಕ್ರವಾರ’ ಎನ್ನುವ ಬದಲು ತಿಂಗಳ ಹೆಸರಿನೊಂದಿಗೆ ದಿನಾಂಕ ಹೇಳಿ. ನಿಲ್ದಾಣದ ಪೂರ್ತಿ ಹೆಸರು ಕೊಡಿ.
• ಒಪ್ಪಿಗೆ ಕೇಳುವ ಪರದೆ ಬಂದಾಗ ಮೊತ್ತ, ದಿನ, ಹೆಸರು ಓದಿಯೇ ಒತ್ತಿ.
• ಗೊತ್ತಿಲ್ಲದವರು ಕಳಿಸಿದ ಲಿಂಕ್‌ನಿಂದ ಟೂಲ್ ಜೋಡಿಸಬೇಡಿ.
• ಓಟಿಪಿ, ಯುಪಿಐ ಪಿನ್ ಅನ್ನು ಯಾವ ಚಾಟ್‌ನಲ್ಲೂ ಬರೆಯಬೇಡಿ.

ಒಟ್ಟಿನಲ್ಲಿ: ಏಐ ಏಜೆಂಟ್ ಕೆಲಸ ಮಾಡುತ್ತದೆ ಎಂಬುದು ನಿಜ. ಅದಕ್ಕೆ ಎಲ್ಲವೂ ತಾನಾಗಿಯೇ ಗೊತ್ತಿರುತ್ತದೆ ಎಂಬುದು ಸುಳ್ಳು. ಯಾವ ಟೂಲ್ ಏನು ಮಾಡುತ್ತದೆ ಎಂದು ಅದಕ್ಕೆ ತಿಳಿಯುವುದು ಯಾರೋ ಬರೆದಿಟ್ಟ ನಾಲ್ಕು ಸಾಲಿನಿಂದ. ‘ನೀವು ಏನೂ ನೋಡಬೇಕಿಲ್ಲ’ ಎಂಬ ಸಂದೇಶ ಮತ್ತೆ ಬಂದರೆ, ಫಾರ್ವರ್ಡ್ ಮಾಡುವ ಮುನ್ನ ಇದನ್ನು ನೆನಪಿಸಿಕೊಳ್ಳಿ.