ಬೇರಿನ ಸುತ್ತಲಿನ ಬ್ಯಾಕ್ಟೀರಿಯಾ: ತಪ್ಪು ಕಲ್ಪನೆ ಮತ್ತು ಸತ್ಯ

ಬೇರಿಗೆ ಅಂಟಿಕೊಂಡ ಕೆಲವೇ ಮಿಲಿಮೀಟರ್ ಮಣ್ಣಿನ ಪದರಕ್ಕೆ ಜರ್ಮನಿಯ ವಿಜ್ಞಾನಿ ಲೊರೆನ್ಜ್ ಹಿಲ್ಟ್ನರ್ 1904ರಲ್ಲಿ ‘ರೈಜೋಸ್ಫಿಯರ್’ ಎಂದು ಹೆಸರಿಟ್ಟರು. ಹೊಲದ ಉಳಿದ ಮಣ್ಣಿಗಿಂತ ಅಲ್ಲಿ ಬ್ಯಾಕ್ಟೀರಿಯಾಗಳು ಎಷ್ಟೋ ಪಟ್ಟು ದಟ್ಟವಾಗಿರುತ್ತವೆ. ಅವುಗಳ ಬಗೆಗಿನ ತಪ್ಪು ತಿಳಿವಳಿಕೆಗಳೂ ಕಡಿಮೆಯೇನಲ್ಲ.

ತಪ್ಪು ಕಲ್ಪನೆ: ಬೇರು ಮಣ್ಣಿನಿಂದ ಹೀರುತ್ತದೆಯೇ ಹೊರತು ಏನನ್ನೂ ಕೊಡುವುದಿಲ್ಲ.
ಸತ್ಯ: ಎಲೆ ತಯಾರಿಸಿದ ಆಹಾರದ ಒಂದು ಪಾಲು ಸಕ್ಕರೆ, ಅಮೈನೊ ಆಮ್ಲ, ಸಾವಯವ ಆಮ್ಲಗಳಾಗಿ ಬೇರಿನಿಂದ ಮಣ್ಣಿಗೆ ಒಸರುತ್ತದೆ. ಬ್ಯಾಕ್ಟೀರಿಯಾಗಳು ಅಲ್ಲಿ ನೆರೆಯುವುದೇ ಈ ಊಟಕ್ಕಾಗಿ.

ತಪ್ಪು ಕಲ್ಪನೆ: ಬೇರಿನಲ್ಲಿ ಗಂಟು ಕಂಡರೆ ರೋಗ ಬಂದಂತೆಯೇ.
ಸತ್ಯ: ಯಾವ ಗಂಟು ಎಂದು ನೋಡಬೇಕು. ಹೂ ಬಿಡುವ ಹೊತ್ತಿನ ಅಲಸಂದೆ ಗಿಡವನ್ನು ಮಣ್ಣುಸಮೇತ ಅಗೆದು, ಬೇರನ್ನು ನೀರಿನಲ್ಲಿ ಮೆಲ್ಲಗೆ ತೊಳೆಯಿರಿ. ಬೇರಿನ ಪಕ್ಕಕ್ಕೆ ಅಂಟಿದ ಗುಂಡನೆಯ ಗಂಟು ಉಗುರಿನಿಂದ ತಳ್ಳಿದರೆ ಕಳಚಿ ಬರುತ್ತದೆ. ಸೀಳಿ ನೋಡಿ: ಒಳಗೆ ನಸುಗೆಂಪಾಗಿದ್ದರೆ ಗಿಡಕ್ಕೆ ಸಾರಜನಕ ಹಿಡಿದುಕೊಡುವ ರೈಜೋಬಿಯಂ ಬ್ಯಾಕ್ಟೀರಿಯಾ ಕೆಲಸ ಮಾಡುತ್ತಿದೆ. ಅದು ಲೆಗ್‌ಹೀಮೊಗ್ಲೋಬಿನ್ ಎಂಬ ಪ್ರೋಟೀನಿನ ಬಣ್ಣ. ಸಾರಜನಕ ಹಿಡಿಯುವ ಕಿಣ್ವ ಆಮ್ಲಜನಕ ತಾಗಿ ಕೆಡದಂತೆ ಈ ಪ್ರೋಟೀನು ಕಾಯುತ್ತದೆ. ಟೊಮೆಟೊದಲ್ಲಿ ಬೇರೇ ಊದಿಕೊಂಡು, ಬಿಡಿಸಲು ಬಾರದ ಗಂಟುಗಳಾಗಿದ್ದರೆ ಅದು ಬೇರುಗಂಟು ಜಂತುಹುಳುವಿನ ಕಾಟ.

ತಪ್ಪು ಕಲ್ಪನೆ: ಒಂದೇ ರೈಜೋಬಿಯಂ ಎಲ್ಲ ಬೆಳೆಗೂ ಸಾಕು.
ಸತ್ಯ: ಸೋಯಾಗೆ ಬ್ರ್ಯಾಡಿರೈಜೋಬಿಯಂ ಜಪಾನಿಕಂ ಹೊಂದಿದರೆ, ಕಡಲೆಗೆ ಮೀಸೊರೈಜೋಬಿಯಂ ಸೈಸೆರಿ. ರಾಗಿ, ಭತ್ತದಲ್ಲಂತೂ ರೈಜೋಬಿಯಂ ಗಂಟು ಕಟ್ಟುವುದೇ ಇಲ್ಲ. ರೈಜೋಬಿಯಂ ಜೈವಿಕ ಗೊಬ್ಬರದ ಪೊಟ್ಟಣದ ಮೇಲೆ ಬೆಳೆಯ ಹೆಸರು, ಅವಧಿ ಮುಗಿಯುವ ದಿನಾಂಕ ನೋಡಿ ಕೊಳ್ಳಿ. ತಣ್ಣಗಾದ ಬೆಲ್ಲದ ನೀರಿನಲ್ಲಿ ಕಲಸಿ, ಬೀಜಕ್ಕೆ ಲೇಪಿಸಿ, ನೆರಳಲ್ಲೇ ಆರಿಸಿ. ಬಿಸಿಲಿಗೆ ಬ್ಯಾಕ್ಟೀರಿಯಾ ಸಾಯುತ್ತದೆ.

ತಪ್ಪು ಕಲ್ಪನೆ: ಯೂರಿಯಾ ಹೆಚ್ಚು ಹಾಕಿದರೆ ಗಂಟೂ ಹೆಚ್ಚು.
ಸತ್ಯ: ಆಗುವುದು ಇದಕ್ಕೆ ತದ್ವಿರುದ್ಧ. ಮಣ್ಣಿನಲ್ಲೇ ಸಾರಜನಕ ಧಾರಾಳವಾಗಿ ಸಿಗುವಾಗ ಗಿಡ ತನ್ನ ಸಕ್ಕರೆ ಖರ್ಚು ಮಾಡಿ ಬ್ಯಾಕ್ಟೀರಿಯಾ ಸಾಕುವುದಿಲ್ಲ, ಗಂಟುಗಳು ಕಡಿಮೆಯಾಗುತ್ತವೆ. ದ್ವಿದಳ ಬೆಳೆಗೆ ಬಿತ್ತನೆ ಹೊತ್ತಿನಲ್ಲಿ ಶಿಫಾರಸು ಮಾಡಿದ ಅಲ್ಪ ಪ್ರಮಾಣ ಕೊಟ್ಟರೆ ಸಾಕು.

ತಪ್ಪು ಕಲ್ಪನೆ: ಬೇರಿನ ಬಳಿ ಬ್ಯಾಕ್ಟೀರಿಯಾ ಹೆಚ್ಚಿದಷ್ಟೂ ಒಳ್ಳೆಯದು.
ಸತ್ಯ: ಎಷ್ಟಿವೆ ಎನ್ನುವುದಕ್ಕಿಂತ ಯಾವುವು ಇವೆ ಎನ್ನುವುದು ಮುಖ್ಯ. ಟೊಮೆಟೊ, ಶುಂಠಿಯನ್ನು ಹಸಿರಿರುವಾಗಲೇ ಬಾಡಿಸುವ ರಾಲ್ಸ್ಟೋನಿಯಾ ಬ್ಯಾಕ್ಟೀರಿಯಾ ನುಗ್ಗುವುದೂ ಬೇರಿನ ಮೂಲಕವೇ. ಬಾಡಿದ ಟೊಮೆಟೊ ಕಾಂಡವನ್ನು ಕತ್ತರಿಸಿ ಗಾಜಿನ ಲೋಟದ ತಿಳಿನೀರಿಗೆ ಇಳಿಬಿಡಿ. ತುದಿಯಿಂದ ಹಾಲಿನಂಥ ಎಳೆ ಇಳಿದರೆ ಅದೇ ರೋಗ. ಅಂಥ ಜಾಗದಲ್ಲಿ ಮತ್ತೆ ಟೊಮೆಟೊ, ಬದನೆ, ಮೆಣಸಿನಕಾಯಿ ಹಾಕದೆ ಜೋಳ ಅಥವಾ ರಾಗಿ ಬೆಳೆಯುವುದು ಲೇಸು.