ಮಾರನೇ ದಿನದ ನೋವಿಗೆ ಆಸಿಡ್ ಕಾರಣವಲ್ಲ

ಬೆಂಗಳೂರಿನ ಬಸವೇಶ್ವರನಗರದ ಓದುಗರೊಬ್ಬರು ಕೇಳಿದ್ದಾರೆ: ‘ಹೊಸದಾಗಿ 16 ಕಿಲೋ ಕೆಟಲ್‌ಬೆಲ್ ತಂದು ಸ್ವಿಂಗ್, ಬಸ್ಕಿ ಶುರು ಮಾಡಿದೆ. ಅವತ್ತು ಏನೂ ಆಗಲಿಲ್ಲ. ಮಾರನೇ ದಿನ ಮೆಟ್ಟಿಲು ಇಳಿಯಲಾಗದಷ್ಟು ತೊಡೆ ಹಿಡಿದುಕೊಂಡಿತು. ಲ್ಯಾಕ್ಟಿಕ್ ಆಸಿಡ್ ಸೇರಿಕೊಂಡಿದೆ, ಬಿಡದೆ ದಿನಾ ಮಾಡಿದರೆ ಕರಗುತ್ತದೆ ಎನ್ನುತ್ತಾರೆ. ಆಫೀಸು, ಮನೆ, ಮಕ್ಕಳ ನಡುವೆ ದಿನಾ ಮಾಡುವುದು ಹೇಗೆ?’

ದಿನಾ ಮಾಡಲೇಬೇಡಿ. ಆ ಆಸಿಡ್ ಕಥೆಯನ್ನೂ ನಂಬಬೇಡಿ.

ಕೆಟಲ್‌ಬೆಲ್ ಎಂಬ ಹಿಡಿಕೆಯಿರುವ ಈ ಕಬ್ಬಿಣದ ಗುಂಡು ರಷ್ಯಾದಿಂದ ಬಂದದ್ದು. ಅಲ್ಲಿನ ಹಳೆಯ ತೂಕ ‘ಪೂಡ್’, ಅಂದರೆ ಸುಮಾರು 16.38 ಕಿಲೋ. ಅಂಗಡಿಯಲ್ಲಿ 16, 24, 32 ಕಿಲೋ ಗುಂಡುಗಳು ಸಿಗುವುದು ಒಂದು, ಒಂದೂವರೆ, ಎರಡು ಪೂಡ್‌ಗಳ ಲೆಕ್ಕದಿಂದಲೇ. ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ಸಂಗ್ರಾಣಿ ಕಲ್ಲು ಎತ್ತುವವರು, ಗರಡಿ ಮನೆಯಲ್ಲಿ ಗದೆ ತಿರುಗಿಸುವವರು ಮಾಡುವುದೂ ಇದೇ ಜಾತಿಯ ಸಾಮು.

ಇನ್ನು ಆಸಿಡ್ ಮಾತು. ಜೋರಾಗಿ ದುಡಿಯುವ ಸ್ನಾಯುವಿನಲ್ಲಿ ಲ್ಯಾಕ್ಟೇಟ್ (ಲ್ಯಾಕ್ಟಿಕ್ ಆಸಿಡ್‌ನ ರೂಪ) ಹೆಚ್ಚುವುದು ನಿಜ. ಆದರೆ ಕಸರತ್ತು ನಿಲ್ಲಿಸಿದ ಒಂದು ಗಂಟೆಯ ಆಸುಪಾಸಿನಲ್ಲಿ ಅದು ಮೊದಲಿನ ಮಟ್ಟಕ್ಕೆ ಇಳಿದಿರುತ್ತದೆ. ಹೃದಯ ಅದನ್ನು ಉರುವಲಾಗಿ ಬಳಸುತ್ತದೆ, ಯಕೃತ್ತು ಗ್ಲೂಕೋಸ್ ಮಾಡಿಕೊಳ್ಳುತ್ತದೆ. ನೋವು ಏರುವುದು 24ರಿಂದ 72 ಗಂಟೆಗಳ ನಡುವೆ. ಅಷ್ಟು ಹೊತ್ತಿಗಾಗಲೇ ಖಾಲಿಯಾದ ಲ್ಯಾಕ್ಟೇಟ್ ನೋವು ಕೊಡುವುದಾದರೂ ಹೇಗೆ?

ಇದನ್ನು ತೀರ್ಮಾನಿಸಿದ ಪ್ರಯೋಗ ನನಗೆ ಬಹಳ ಇಷ್ಟ. 1983ರಲ್ಲಿ ಅಮೆರಿಕದ ಸಂಶೋಧಕರು ಜನರನ್ನು ಟ್ರೆಡ್‌ಮಿಲ್ ಮೇಲೆ 45 ನಿಮಿಷ ಓಡಿಸಿದರು. ಒಮ್ಮೆ ಸಮತಟ್ಟಾಗಿ, ಇನ್ನೊಮ್ಮೆ ಇಳಿಜಾರಿನಲ್ಲಿ. ಸಮತಟ್ಟಿನ ಓಟದಲ್ಲಿ ಲ್ಯಾಕ್ಟೇಟ್ ಏರಿತು, ಆಮೇಲೆ ನೋವು ಬರಲಿಲ್ಲ. ಇಳಿಜಾರಿನ ಓಟದಲ್ಲಿ ಲ್ಯಾಕ್ಟೇಟ್ ಏರಲಿಲ್ಲ, ಆದರೆ ಕಾಲು ಚೆನ್ನಾಗಿಯೇ ನೋಯಿತು!

ಗುಟ್ಟಿರುವುದು ಇಳಿಯುವುದರಲ್ಲಿ. ವಿಜಯನಗರದ ಮೆಟ್ರೋ ನಿಲ್ದಾಣದಲ್ಲಿ ಒಮ್ಮೆ ಒಬ್ಬ ತರುಣನನ್ನು ಗಮನಿಸಿದೆ. ಹತ್ತುವಾಗ ಸಲೀಸು, ಇಳಿಯುವಾಗ ಎರಡೂ ಕೈಯಲ್ಲಿ ಕಂಬಿ ಹಿಡಿದು, ಅಡ್ಡಡ್ಡಲಾಗಿ ಒಂದೊಂದೇ ಮೆಟ್ಟಿಲು ಇಳಿಯುತ್ತಿದ್ದ. ಇಳಿಯುವಾಗ ತೊಡೆಯ ಸ್ನಾಯು ಭಾರವನ್ನು ತಡೆದು ಹಿಡಿಯುತ್ತಲೇ ಉದ್ದವಾಗಬೇಕು. ಕೆಟಲ್‌ಬೆಲ್ ಕಾಲುಗಳ ನಡುವೆ ಹಿಂದಕ್ಕೆ ಬೀಸಿ ಬಂದಾಗ ಅದನ್ನು ತಡೆಯುವ ತೊಡೆಯ ಹಿಂಭಾಗದ ಸ್ನಾಯುವಿಗೂ ಇದೇ ಕೆಲಸ. ಸ್ನಾಯುವಿನ ಎಳೆಯೊಳಗೆ ಸಾರ್ಕೋಮಿಯರ್ ಎಂಬ ಅತಿಸಣ್ಣ ಘಟಕಗಳು ಸಾಲಾಗಿ ಜೋಡಿಸಿಕೊಂಡಿವೆ. ಒಂದೊಂದರ ಉದ್ದ ಮಿಲಿಮೀಟರಿನ ಸಾವಿರ ಭಾಗಗಳಲ್ಲಿ ಸುಮಾರು ಎರಡೂವರೆ ಭಾಗದಷ್ಟು. 1981ರಲ್ಲಿ ಸ್ವೀಡನ್ನಿನ ಯಾನ್ ಫ್ರೀಡೆನ್ ಮತ್ತು ಸಂಗಡಿಗರು, ಮೆಟ್ಟಿಲನ್ನು ಪದೇ ಪದೇ ಇಳಿದವರ ಸ್ನಾಯುವಿನ ಚೂರನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಈ ಘಟಕಗಳನ್ನು ಬೇರ್ಪಡಿಸುವ ನೇರ ಗೆರೆಗಳು ಅಲ್ಲಲ್ಲಿ ಕದಡಿ ಸೊಟ್ಟಗಾಗಿದ್ದವು. ಇಂಥ ಸಣ್ಣ ಹಾನಿಯನ್ನು ರಿಪೇರಿ ಮಾಡಲು ದೇಹ ಉರಿಯೂತ ಎಬ್ಬಿಸುತ್ತದೆ. ನಮಗೆ ತಿಳಿಯುವ ನೋವು ಅದರ ಜೊತೆಗೇ ಬರುತ್ತದೆ.

ಇನ್ನೂ ಸೊಗಸಾದ ಸಂಗತಿಯೆಂದರೆ, ರಿಪೇರಿಯಾದ ಸ್ನಾಯು ಪಾಠ ಕಲಿತಿರುತ್ತದೆ. ಕೆಲವು ವಾರಗಳೊಳಗೆ ಅದೇ ಕಸರತ್ತು ಮತ್ತೆ ಮಾಡಿದರೆ ನೋವು ಬಹಳ ಕಡಿಮೆ.

ನಮ್ಮಲ್ಲಿ ಇಂಥ ನೋವನ್ನೂ ಉಳುಕು ಎಂದುಕೊಂಡು, ಕಾಲು ಮುಂದಾಗಿ ಹುಟ್ಟಿದವರನ್ನು ಹುಡುಕಿ ಬೆನ್ನಿಗೆ ಒದೆಸಿಕೊಳ್ಳುವವರು ಇಂದಿಗೂ ಇದ್ದಾರೆ. ಮೂರ್ನಾಲ್ಕು ದಿನದಲ್ಲಿ ತಾನಾಗಿಯೇ ಇಳಿಯುವ ನೋವಿನ ಕೀರ್ತಿಯೆಲ್ಲ ಆ ಕಾಲಿಗೆ ಸಲ್ಲುತ್ತದೆ. ನಿಜಕ್ಕೂ ಪೆಟ್ಟಾಗಿದ್ದರೆ ಆ ಒದೆತ ಅಪಾಯ. ನಿಂಬೆರಸ ಕುಡಿದು ‘ಆಸಿಡ್ ಕರಗಿಸುವ’ ಹೊಸ ಮೂಢನಂಬಿಕೆಯೂ ಇದಕ್ಕಿಂತ ಮೇಲೇನಲ್ಲ.

ಇನ್ನು ದಿನಾ ಮಾಡುವ ಪ್ರಶ್ನೆ. ಮೈಸೂರು ರಸ್ತೆಯ ಜ್ಞಾನಭಾರತಿ ಬಳಿ ಭಾರತೀಯ ಕ್ರೀಡಾ ಪ್ರಾಧಿಕಾರದ ಕೇಂದ್ರವಿದೆ. ದೇಶದ ಹಾಕಿ ತಂಡಗಳ ಶಿಬಿರ ನಡೆಯುವುದು ಅಲ್ಲಿ. ಆ ಮಟ್ಟದ ಆಟಗಾರರಿಗೆ ಊಟ, ನಿದ್ದೆ, ವಿಶ್ರಾಂತಿಯೂ ತರಬೇತಿಯ ಭಾಗವೇ. ಅಲ್ಲೇ ಹತ್ತಿರದ ಕೆಂಗೇರಿಯಲ್ಲಿ ಮೆಟ್ರೋ ಹತ್ತಿ ವೈಟ್‌ಫೀಲ್ಡ್‌ಗೆ ಹೋಗಿ, ರಾತ್ರಿ ಮನೆ ಸೇರುವವರಿಗೆ ಆ ಭಾಗ್ಯವಿಲ್ಲ. ಆಟಗಾರರ ವೇಳಾಪಟ್ಟಿಯನ್ನು ಮೊಬೈಲಿನಲ್ಲಿ ನೋಡಿ ಅವರು ಅನುಕರಿಸುವುದರಲ್ಲಿ ಅರ್ಥವಿಲ್ಲ.

ಚೆನ್ನಾಗಿ ದುಡಿದ ಸ್ನಾಯುವಿನಲ್ಲಿ ಹೊಸ ಪ್ರೋಟೀನ್ ಕಟ್ಟುವ ಕೆಲಸ ಒಂದು ದಿನಕ್ಕೂ ಮಿಕ್ಕಿ ಚುರುಕಾಗಿರುತ್ತದೆ. ಗುಂಡು ಎತ್ತುವಾಗ ಬಲ ಬರುವುದಿಲ್ಲ, ಎತ್ತಿಟ್ಟ ಮೇಲೆ ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವುದೂ ಸ್ನಾಯು ಬಲಪಡಿಸುವ ವ್ಯಾಯಾಮ ವಾರಕ್ಕೆ ಕನಿಷ್ಠ ಎರಡು ದಿನ ಇರಲಿ ಎಂದೇ. ಆದ್ದರಿಂದ ಸೋಮವಾರ, ಗುರುವಾರ, ಬಿಡುವಿದ್ದರೆ ಶನಿವಾರ, ಇಪ್ಪತ್ತು ನಿಮಿಷ ಸಾಕು. ಹೊಸಬರು 8 ಅಥವಾ 12 ಕಿಲೋದಿಂದ ಶುರು ಮಾಡಲಿ. ನಡುವಿನ ದಿನಗಳಲ್ಲಿ ಬಡಾವಣೆಯ ಪಾರ್ಕಿನಲ್ಲಿ ನಡೆಯಿರಿ. ಮಗು ರಾತ್ರಿಯೆಲ್ಲ ಎಚ್ಚರವಾಗಿದ್ದರೆ ಮರುದಿನದ ಕಸರತ್ತನ್ನು ಅರ್ಧಕ್ಕೆ ಇಳಿಸಿ. ಹುರುಳಿ, ಅಲಸಂದೆ, ಮೊಟ್ಟೆ, ಮೊಸರು ತಟ್ಟೆಯಲ್ಲಿರಲಿ.

ಸ್ನಾಯು ಊದಿ, ನೋವು ವಿಪರೀತವಾಗಿ, ಮೂತ್ರ ಕಪ್ಪು ಟೀ ಬಣ್ಣಕ್ಕೆ ತಿರುಗಿದರೆ ಮಾತ್ರ ತಡಮಾಡದೆ ಆಸ್ಪತ್ರೆಗೆ ಹೋಗಿ. ಸ್ನಾಯು ಒಡೆದು ಅದರ ಪ್ರೋಟೀನ್ ಮೂತ್ರಪಿಂಡಕ್ಕೆ ಕಂಟಕವಾಗುವ ಲಕ್ಷಣವದು. ಉಳಿದಂತೆ, ವಿಶ್ರಾಂತಿಯ ದಿನವನ್ನು ಸೋಮಾರಿತನವೆಂದು ಯಾರು ಹೀಯಾಳಿಸಿದರೂ ಕಿವಿಗೆ ಹಾಕಿಕೊಳ್ಳಬೇಡಿ. ಕ್ಯಾಲೆಂಡರಿನಲ್ಲಿ ಕಸರತ್ತಿನ ದಿನಕ್ಕಿಂತ ಮೊದಲು ಅದನ್ನೇ ಗುರುತು ಹಾಕಿಕೊಳ್ಳಿ.